ವಿಳಾಸ ನಿಮ್ಮ ಕಡತದಲ್ಲೇ ಇದೆ: ಕುಲಪತಿಗಳಿಗೊಂದು ಬಹಿರಂಗ ಪತ್ರ

ಕರ್ನಾಟಕದ ರಾಜ್ಯ ವಿಶ್ವವಿದ್ಯಾಲಯಗಳ ಎಲ್ಲ ಕುಲಪತಿಗಳಿಗೆ,

ಮಾನ್ಯರೇ,

ಕಳೆದ ತಿಂಗಳು ನನ್ನ ಫೋನಿಗೆ ಒಂದು ಗೂಗಲ್ ಫಾರ್ಮ್ ಬಂತು. ನಾನು ಎಂ.ಎಸ್ಸಿ. ಓದಿದ ವಿಶ್ವವಿದ್ಯಾಲಯ ‘ಸಾಗರೋತ್ತರ ಹಳೆಯ ವಿದ್ಯಾರ್ಥಿಗಳ ಜಾಲ’ ಕಟ್ಟುತ್ತಿದೆಯಂತೆ. ಹೆಸರು, ವಿಳಾಸ, ಕಂಪನಿ, ಹುದ್ದೆ, ವಾರ್ಷಿಕ ವರಮಾನ, ದೇಣಿಗೆ ಕೊಡುವ ಇಚ್ಛೆ ಇದೆಯೇ, ಇಷ್ಟು ಪ್ರಶ್ನೆಗಳು. ಯಾವ ವಿಭಾಗದಲ್ಲಿ ಓದಿದಿರಿ ಎಂದು ಮಾತ್ರ ಕೇಳಿರಲಿಲ್ಲ. ದೇಶ ಆರಿಸುವ ಪಟ್ಟಿಯಲ್ಲಿ ಅಮೆರಿಕ, ಬ್ರಿಟನ್, ಯುಎಇ, ಆಸ್ಟ್ರೇಲಿಯಾ, ಕೊನೆಗೆ ‘ಇತರೆ’. ನಾನಿರುವುದು ಜರ್ಮನಿಯ ಮ್ಯಾನ್‌ಹೈಮ್‌ನಲ್ಲಿ. ‘ಇತರೆ’ ಒತ್ತಿದೆ.

ಅದನ್ನು ನನಗೆ ಕಳಿಸಿದ್ದು ವಿಶ್ವವಿದ್ಯಾಲಯವೇನಲ್ಲ. ನನ್ನ ಜೊತೆ ಓದಿದವಳೊಬ್ಬಳು ಈಗ ಪಿಯು ಕಾಲೇಜಿನಲ್ಲಿ ಉಪನ್ಯಾಸಕಿ. ಅವಳ ಸಹೋದ್ಯೋಗಿಯ ತಮ್ಮ ಅವಳಿಗೆ ಕಳಿಸಿದ, ಅವಳು ನಮ್ಮ ಹಾಸ್ಟೆಲ್ ಗುಂಪಿಗೆ ಹಾಕಿದಳು. ಹಲವು ಸಲ ಫಾರ್ವರ್ಡ್ ಆಗಿದೆ ಎಂದು ಹೇಳುವ ಜೋಡಿ ಬಾಣ ಅದರ ನೆತ್ತಿಯ ಮೇಲಿತ್ತು. ಕೆಳಗೊಂದು ಟಿಪ್ಪಣಿ: ನ್ಯಾಕ್ (ವಿಶ್ವವಿದ್ಯಾಲಯಗಳ ಗುಣಮಟ್ಟ ಅಳೆಯುವ ಸಂಸ್ಥೆ) ತಂಡ ಬರಲಿರುವುದರಿಂದ ಹದಿನೈದು ದಿನದೊಳಗೆ ಭರ್ತಿ ಮಾಡತಕ್ಕದ್ದು.

ಆ ವಿಶ್ವವಿದ್ಯಾಲಯದ ಹೆಸರು ಬರೆಯುವುದಿಲ್ಲ. ಬರೆದರೆ ಒಬ್ಬ ಕುಲಪತಿಗಳಿಗೆ ಸಿಟ್ಟು ಬರುತ್ತದೆ, ಉಳಿದವರೆಲ್ಲ ನಿರಾಳವಾಗಿಬಿಡುತ್ತಾರೆ. ನನಗೆ ಅವೆರಡೂ ಬೇಡ.

ನ್ಯಾಕ್‌ನ ವಿಷಯ ನನಗೂ ಗೊತ್ತು. ಅದರ ಐದನೆಯ ಮಾನದಂಡದಲ್ಲಿ ಹಳೆಯ ವಿದ್ಯಾರ್ಥಿಗಳ ಒಡನಾಟಕ್ಕೊಂದು ಕಲಮು ಇದೆ. ಸಂಘ ನೋಂದಣಿಯಾಗಿದೆಯೇ, ಅದು ಏನು ಕೊಟ್ಟಿದೆ ಎಂದು ಕೇಳುತ್ತಾರೆ. ಹೀಗಾಗಿ ತಂಡ ಬರುವ ವರ್ಷ ಗೋಡೆಗೆ ಸುಣ್ಣ, ಹಳೆಯ ವಿದ್ಯಾರ್ಥಿಗೆ ಈಮೇಲ್. ತಂಡ ಹೋದ ಮೇಲೆ ಸುಣ್ಣವಾದರೂ ಒಂದೆರಡು ಮಳೆಗಾಲ ನಿಲ್ಲುತ್ತದೆ.

ಆದರೂ ಈ ಪತ್ರ ಬರೆಯುತ್ತಿರುವುದು ದೂರಲಿಕ್ಕಲ್ಲ. ಆ ಫಾರ್ಮ್‌ನಲ್ಲಿ ನನ್ನ ವಿಳಾಸ ಕೇಳಿದ್ದು ನೋಡಿ ನಗು ಬಂತು, ಅದಕ್ಕೆ. ನನ್ನ ವಿಳಾಸ ವಿಶ್ವವಿದ್ಯಾಲಯದ ಹತ್ತಿರ 2008ರಿಂದ ಇದೆ. ಎಲ್ಲಿದೆ ಎಂದೂ ಹೇಳಬಲ್ಲೆ: ಪರೀಕ್ಷಾ ವಿಭಾಗದಲ್ಲಿ, ಟ್ರಾನ್ಸ್‌ಕ್ರಿಪ್ಟ್ ಕೊಡುವ ಕಿಟಕಿಯ ಹಿಂದಿನ ಕಬ್ಬಿಣದ ಬೀರುವಿನಲ್ಲಿ.

ಆ ಕಿಟಕಿಯ ಕಥೆ ಹೇಳುತ್ತೇನೆ. ಜರ್ಮನಿಯಲ್ಲಿ ಪಿಎಚ್‌.ಡಿ.ಗೆ ಸೀಟು ಸಿಕ್ಕಿತ್ತು. ನಾಲ್ಕೂ ಸೆಮಿಸ್ಟರಿನ ಅಂಕಗಳ ದೃಢೀಕೃತ ಪ್ರತಿ ಬೇಕು, ವಿಶ್ವವಿದ್ಯಾಲಯವೇ ಲಕೋಟೆಯಲ್ಲಿಟ್ಟು ಸೀಲು ಹಾಕಿರಬೇಕು ಎಂದಿದ್ದರು. ನಾನಾಗ ಬೆಂಗಳೂರಿನಲ್ಲಿ ಸಣ್ಣ ಕೆಲಸದಲ್ಲಿದ್ದೆ, ರಜೆ ಇರಲಿಲ್ಲ. ಅಪ್ಪ ಹೋದರು. ನಮ್ಮೂರಿಂದ ನಾಲ್ಕು ಗಂಟೆಯ ಬಸ್ಸು. ಮೊದಲ ಸಲ ಹೋದಾಗ ಡಿಡಿ ಯಾರ ಹೆಸರಿಗೆ ತೆಗೆಯಬೇಕು ಎಂದು ತಿಳಿಯಿತು; ಕುಲಸಚಿವರ ಹೆಸರಿಗಲ್ಲ, ಹಣಕಾಸು ಅಧಿಕಾರಿಯ ಹೆಸರಿಗೆ. ಎರಡನೆಯ ಸಲ ಹೋದಾಗ ಮೂರನೇ ಸೆಮಿಸ್ಟರಿನ ಮಾರ್ಕ್ಸ್ ಕಾರ್ಡಿನಲ್ಲಿ ನನ್ನ ಇನಿಶಿಯಲ್ಲು ತಲೆಕೆಳಗಾಗಿರುವುದು ಪತ್ತೆಯಾಯಿತು. ತಪ್ಪು ಅಚ್ಚಾದದ್ದು ಅವರಲ್ಲೇ, ಆದರೆ ಅಫಿಡವಿಟ್ ನಾವು ಕೊಡಬೇಕು. ಅಪ್ಪ ನೋಟರಿಯವರನ್ನು ಹುಡುಕಿಕೊಂಡು ಊಟ ಬಿಟ್ಟು ಓಡಾಡಿ, ಸಂಜೆ ಐದಕ್ಕೆ ಮರಳಿ ಬಂದರೆ ಕಿಟಕಿ ಮುಚ್ಚಿತ್ತು.

ಮೂರನೆಯ ಸಲ ಅಲ್ಲಿ ಬೇರೊಬ್ಬರಿದ್ದರು. ನಿವೃತ್ತಿಯ ಅಂಚಿನಲ್ಲಿದ್ದ ಕೇಸ್ ವರ್ಕರ್. ಅಪ್ಪನನ್ನು ಒಳಗೆ ಕರೆದು ಕುರ್ಚಿ ಕೊಟ್ಟರಂತೆ. ಅರಗು ಕಾಯಿಸಿ ಲಕೋಟೆಯ ಮಡಿಕೆಯ ಮೇಲೆ ಹನಿಸಿ, ಹಿತ್ತಾಳೆ ಮುದ್ರೆ ಒತ್ತುತ್ತಾ, “ಮಗಳು ಏನ್ ಓದ್ತಾಳೆ? ಯಾವ್ ದೇಶ? ಅಲ್ಲಿ ಚಳಿ ಭಾಳ ಅಂತಾರೆ, ಉಣ್ಣೆ ಬಟ್ಟೆ ಇಲ್ಲಿಂದ ಒಯ್ಯೋದು ಬ್ಯಾಡ, ಅಲ್ಲೇ ತಗೊಳ್ಳಿ ಅಂತ ಹೇಳಿ” ಎಂದರಂತೆ. ಅವರ ಮಾತು ಸರಿಯಾಗಿತ್ತು. ಊರಿಂದ ತಂದ ಸ್ವೆಟರ್ ಇಲ್ಲಿನ ನವೆಂಬರಿಗೇ ಸೋತಿತು.

ಆ ಕಿಟಕಿಯಲ್ಲಿ ಅಪ್ಪ ತುಂಬಿದ ಅರ್ಜಿಯಲ್ಲಿ ಏನೇನಿತ್ತು ಎಂದು ನೆನಪಿಸಿಕೊಳ್ಳಿ. ನನ್ನ ಹೆಸರು, ರಿಜಿಸ್ಟರ್ ನಂಬರ್, ವಿಭಾಗ, ವರ್ಷ, ಈಮೇಲ್, ನಮ್ಮೂರ ಮನೆಯ ವಿಳಾಸ, ಲಕೋಟೆ ಯಾರಿಗೆ ಹೋಗಬೇಕೋ ಆ ಜರ್ಮನ್ ಸಂಸ್ಥೆಯ ಪೂರ್ತಿ ವಿಳಾಸ, ‘ಉದ್ದೇಶ’ ಎಂಬಲ್ಲಿ ಉನ್ನತ ವ್ಯಾಸಂಗ. ಯಾವ ಸಂಘ, ಯಾವ ಏಜೆನ್ಸಿ ನಿಮಗೆ ಇದಕ್ಕಿಂತ ಚೆನ್ನಾದ ಮಾಹಿತಿ ತಂದುಕೊಡಬಲ್ಲದು?

ಕೆನಡಾಕ್ಕೆ ವಲಸೆ ಹೋಗುವವರಿಗೆ ತಮ್ಮ ಪದವಿ ಅಲ್ಲಿನ ಪದವಿಗೆ ಸಮ ಎಂದು ತೋರಿಸುವ ಮೌಲ್ಯಮಾಪನ ವರದಿ ಬೇಕು. ಹಾಗೆ ವರದಿ ಕೊಡುವ ಡಬ್ಲ್ಯುಇಎಸ್‌ನಂಥ ಸಂಸ್ಥೆಗಳು ಅಂಕಪಟ್ಟಿ ವಿಶ್ವವಿದ್ಯಾಲಯದಿಂದಲೇ ಬರಬೇಕು ಎನ್ನುತ್ತವೆ. ದುಬೈಗೆ ಹೋಗುವವರ ಪದವಿ ಪತ್ರಕ್ಕೆ ರಾಜ್ಯ ಸರ್ಕಾರ, ವಿದೇಶಾಂಗ ಸಚಿವಾಲಯ, ಆಮೇಲೆ ಆ ದೇಶದ ರಾಯಭಾರ ಕಚೇರಿ, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಮುದ್ರೆ ಬೀಳಬೇಕು. ಜರ್ಮನಿಗೆ ಓದಲು ಬರುವ ಭಾರತೀಯರ ದಾಖಲೆಗಳನ್ನು 2022ರ ನವೆಂಬರಿನಿಂದ ದೆಹಲಿಯ ಎಪಿಎಸ್ ಎಂಬ ಜರ್ಮನ್ ಕಚೇರಿ ಮೊದಲು ಪರಿಶೀಲಿಸುತ್ತದೆ. ಡಿಜಿಲಾಕರ್ ಬಂದ ಮೇಲೆ ಈಚಿನ ಬ್ಯಾಚುಗಳಿಗೆ ಸ್ವಲ್ಪ ಸಲೀಸಾಗಿದೆ, ನಿಜ. ಹಳಬರು ಈಗಲೂ ಆ ಕಿಟಕಿಗೇ ಬರಬೇಕು. ಒಂದಲ್ಲ ಒಂದು ದಿನ, ಹೊರದೇಶಕ್ಕೆ ಹೊರಟ ಬಹುಪಾಲು ಮಂದಿ ತಾವಾಗಿಯೇ ನಿಮ್ಮ ಬಾಗಿಲಿಗೆ ಬರುತ್ತಾರೆ, ತಮ್ಮ ಹೊಸ ವಿಳಾಸ ಬರೆದುಕೊಟ್ಟು, ಮೇಲೆ ಶುಲ್ಕವನ್ನೂ ಕಟ್ಟಿ ಹೋಗುತ್ತಾರೆ. ನೀವು ಅದನ್ನು ಕಡತಕ್ಕೆ ಸೇರಿಸಿ, ಹತ್ತು ವರ್ಷದ ಮೇಲೆ ವಾಟ್ಸಾಪ್‌ನಲ್ಲಿ ಹುಡುಕಲು ಹೊರಡುತ್ತೀರಿ.

ಜಾಲ ಕಟ್ಟಬೇಕಾದದ್ದು ಅಲ್ಲಿ. ನ್ಯೂಜೆರ್ಸಿಯ ಹೋಟೆಲಿನಲ್ಲಿ ಹಳೆಯ ವಿದ್ಯಾರ್ಥಿಗಳ ಸಮಾವೇಶಕ್ಕೆ ದೀಪ ಹಚ್ಚುವುದಕ್ಕಿಂತ ಮೊದಲು ಆ ಕಿಟಕಿಯ ಹಿಂದೆ ಒಬ್ಬರನ್ನು ಕೂರಿಸಿ, ಈಮೇಲಿಗೆ ಉತ್ತರಿಸುವ ಅಧಿಕಾರ ಕೊಡಿ. ಅರ್ಜಿ ಬಂದ ದಿನ ಒಂದು ಇನ್‌ವರ್ಡ್ ನಂಬರ್, ಟಪಾಲಿಗೆ ಹೋದ ದಿನ ಒಂದು ಡಿಸ್‌ಪ್ಯಾಚ್ ನಂಬರ್, ಎರಡೂ ಅರ್ಜಿದಾರರ ಈಮೇಲಿಗೆ. ಅರ್ಜಿಯ ಕೊನೆಗೆ ಎರಡು ಸಾಲು ಸೇರಿಸಿ: ಕಂಪನಿಯದಲ್ಲದ, ಬದಲಾಗದ ಒಂದು ಈಮೇಲ್, ಕಿರಿಯರು ಏನಾದರೂ ಕೇಳಿದರೆ ಉತ್ತರಿಸುತ್ತೀರಾ, ಹೌದು ಅಥವಾ ಇಲ್ಲ. ವರಮಾನ ಕೇಳಬೇಡಿ. ಟ್ರಾನ್ಸ್‌ಕ್ರಿಪ್ಟಿಗೆ ನಿಂತವನಿಗೆ ವರಮಾನವೆಲ್ಲಿಂದ ಬಂತು?

ಬೀರುವಿನಲ್ಲಿರುವ ಹಳೆಯ ಅರ್ಜಿಗಳ ಬಗ್ಗೆಯೂ ಒಂದು ಮಾತು. ಅವುಗಳಿಂದ ವಿಳಾಸ ಎತ್ತಿ ನೇರವಾಗಿ ಪಟ್ಟಿಗೆ ಸೇರಿಸಿಬಿಡುವುದು ಸರಿಯಲ್ಲ. ನಾವು ಕೊಟ್ಟದ್ದು ಬೇರೆ ಕೆಲಸಕ್ಕೆ. ಯುರೋಪಿನಲ್ಲಂತೂ 2018ರಿಂದ ಇದಕ್ಕೆ ಬಿಗಿ ಕಾನೂನಿದೆ, ನಮ್ಮಲ್ಲೂ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆ ಬಂದಿದೆ. ಒಂದು ಪತ್ರ ಬರೆದು ಒಪ್ಪಿಗೆ ಕೇಳಿ. ಮೊದಲ ಪತ್ರದಲ್ಲಿ ಏನನ್ನೂ ಬೇಡದಿದ್ದರೆ ಅರ್ಧಕ್ಕರ್ಧ ಜನ ಸಂತೋಷಕ್ಕೇ ಉತ್ತರ ಬರೆಯುತ್ತಾರೆ. ‘ನೀವು ಓದಿದ ಪ್ರಯೋಗಾಲಯಕ್ಕೆ ಹೊಸ ಫ್ಯೂಮ್ ಹುಡ್ ಬಂದಿದೆ’ ಎಂದು ಯಾರಾದರೂ ನನಗೆ ಬರೆದರೆ ಅವತ್ತು ನಾನು ಮಧ್ಯಾಹ್ನದ ಕೆಲಸ ಬಿಟ್ಟು ಉತ್ತರ ಬರೆಯುತ್ತೇನೆ. ನಮ್ಮ ಕಾಲದಲ್ಲಿ ವಿಷದ ಹೊಗೆ ಹೊರಗೆಳೆಯುವ ಆ ಹುಡ್ ಇತ್ತು, ಅದರ ಫ್ಯಾನ್ ತಿರುಗುತ್ತಿರಲಿಲ್ಲ. ಬ್ರೋಮಿನ್ ತೆರೆಯುವ ದಿನ ಎಲ್ಲರೂ ಕಾರಿಡಾರಿಗೆ ಓಡುತ್ತಿದ್ದೆವು.

ಇನ್ನು, ಯಾರು ನಿಮ್ಮ ಹಳೆಯ ವಿದ್ಯಾರ್ಥಿ ಎಂಬ ಪ್ರಶ್ನೆ. ಇದು ಕಾಣುವಷ್ಟು ಸರಳವಲ್ಲ.

ಮೈಕ್ರೋಸಾಫ್ಟ್‌ನ ಮುಖ್ಯಸ್ಥ ಸತ್ಯ ನಾದೆಲ್ಲ ಓದಿದ್ದು ಮಣಿಪಾಲದಲ್ಲಿ ಎಂದು ಎಲ್ಲರಿಗೂ ಗೊತ್ತು. ಅವರು ಇಂಜಿನಿಯರಿಂಗ್ ಮುಗಿಸಿದ 1988ರಲ್ಲಿ ಆ ಕಾಲೇಜು ಮಂಗಳೂರು ವಿಶ್ವವಿದ್ಯಾಲಯದ ಸಂಯೋಜನೆಯಲ್ಲಿತ್ತು, ಅವರ ಕಂಪನಿ ಹೊರಡಿಸಿದ ಪರಿಚಯದಲ್ಲೂ ಮಂಗಳೂರು ವಿಶ್ವವಿದ್ಯಾಲಯದ ಹೆಸರೇ ಇತ್ತು. ಆ ವಿಶ್ವವಿದ್ಯಾಲಯವಿರುವ ಕೊಣಾಜೆಯ ಗುಡ್ಡದ ಮೇಲೆ ನಿಂತವರಲ್ಲಿ ಎಷ್ಟು ಮಂದಿ ‘ಅವರು ನಮ್ಮವರು’ ಎಂದುಕೊಂಡಿದ್ದಾರೆ? ಸುರತ್ಕಲ್ಲಿನ ಇಂಜಿನಿಯರಿಂಗ್ ಕಾಲೇಜು ಕೆಆರ್‌ಇಸಿ 1960ರಲ್ಲಿ ಶುರುವಾಯಿತು. ಮಂಗಳೂರು ವಿಶ್ವವಿದ್ಯಾಲಯ ಹುಟ್ಟಿದ್ದು 1980ರಲ್ಲಿ. ಆ ನಡುವಿನ ಬ್ಯಾಚುಗಳ ಪದವಿ ಮೈಸೂರು ವಿಶ್ವವಿದ್ಯಾಲಯದ್ದು, ಆಮೇಲಿನವು ಮಂಗಳೂರಿನದು, 2002ರಿಂದ ಅದು ಎನ್‌ಐಟಿ. ಅಮೆರಿಕದಲ್ಲಿ ಸುರತ್ಕಲ್ಲಿನವರು ಸೇರಿದರೆ ಎಲ್ಲ ಬ್ಯಾಚಿನವರೂ ಒಂದೇ ಛಾವಣಿಯಡಿ ಕೂರುತ್ತಾರೆ. ಪದವಿ ಕೊಟ್ಟ ಎರಡು ವಿಶ್ವವಿದ್ಯಾಲಯಗಳ ಹೆಸರು ಅಲ್ಲಿ ಯಾರ ಬಾಯಲ್ಲೂ ಬರಲಾರದು.

ಮೈಸೂರಿನ ಎನ್‌ಐಇ ಇಂಜಿನಿಯರಿಂಗ್ ಕಾಲೇಜಿನಿಂದ 1967ರಲ್ಲಿ ಹೊರಬಂದ ನಾರಾಯಣ ಮೂರ್ತಿಯವರದ್ದೂ ಮೈಸೂರು ವಿಶ್ವವಿದ್ಯಾಲಯದ ಪದವಿ. ವೈಮಾನಿಕ ವಿಜ್ಞಾನಿ ರೊದ್ದಂ ನರಸಿಂಹ ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜಿನಿಂದ 1953ರಲ್ಲಿ ಪಡೆದದ್ದೂ ಅದೇ ಪದವಿ; ಆಮೇಲೆ ಅಮೆರಿಕದ ಕ್ಯಾಲ್‌ಟೆಕ್‌ಗೆ ಹೋಗಿ ಮತ್ತೆ ಬೆಂಗಳೂರಿಗೇ ಮರಳಿದರು. ಅವರ ಕಾಲೇಜು 1964ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯಕ್ಕೆ ಸೇರಿತು, ಈಗ ಯುವಿಸಿಇ ಎಂಬ ಹೆಸರಿನಲ್ಲಿ ತಾನೇ ಒಂದು ವಿಶ್ವವಿದ್ಯಾಲಯ. ಒಬ್ಬ ವಿದ್ಯಾರ್ಥಿಗೆ ಮೂರು ಮನೆ. ಮೂರೂ ಮನೆಯವರು, ಅವನು ಪಕ್ಕದ ಮನೆಯವನಿರಬೇಕು ಎಂದುಕೊಂಡು ಸುಮ್ಮನಿದ್ದಾರೆ.

1998ರಲ್ಲಿ ಇಂಜಿನಿಯರಿಂಗ್ ಕಾಲೇಜುಗಳು ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ (ವಿಟಿಯು) ಹೋದವು. ಅದಕ್ಕೂ ಎರಡು ವರ್ಷ ಮೊದಲೇ ವೈದ್ಯಕೀಯ, ನರ್ಸಿಂಗ್ ಕಾಲೇಜುಗಳು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಹೋಗಿದ್ದವು. ಆಮೇಲೆ ತುಮಕೂರು, ದಾವಣಗೆರೆ, ಬೆಳಗಾವಿಯಲ್ಲಿ ಹೊಸ ವಿಶ್ವವಿದ್ಯಾಲಯಗಳು. 2017ರಲ್ಲಿ ಬೆಂಗಳೂರು ಮೂರಾಯಿತು. ಈಚೆಗೆ ಹಾಸನ, ಹಾವೇರಿ, ಕೊಪ್ಪಳ, ಬೀದರ್, ಕೊಡಗು, ಚಾಮರಾಜನಗರ, ಬಾಗಲಕೋಟೆ. 2025ರಲ್ಲಿ ಹೊಸದರಲ್ಲಿ ಕೆಲವನ್ನು ಮತ್ತೆ ಹಳೆಯದಕ್ಕೆ ಸೇರಿಸುವ ಮಾತು ಬಂದಾಗ ಪತ್ರಿಕೆಗಳೆಲ್ಲ ಕಟ್ಟಡ, ಅನುದಾನ, ಸಿಬ್ಬಂದಿಯ ಲೆಕ್ಕ ಬರೆದವು. ನಾನು ಯೋಚಿಸಿದ್ದು ಬೇರೆ. ಇವತ್ತು ಕೊಪ್ಪಳದಲ್ಲಿ ಪದವಿ ಪಡೆದ ಹುಡುಗಿ 2040ರಲ್ಲಿ ಮೆಲ್ಬೋರ್ನಿನಿಂದ ಟ್ರಾನ್ಸ್‌ಕ್ರಿಪ್ಟಿಗೆ ಬರೆದರೆ ಆ ಪತ್ರವನ್ನು ಯಾವ ಊರಿನಲ್ಲಿ ಒಡೆಯುತ್ತಾರೆ? ಜರ್ಮನಿಯಲ್ಲಿ ಹೊರದೇಶದ ವಿಶ್ವವಿದ್ಯಾಲಯಗಳ ಸ್ಥಾನಮಾನ ತಿಳಿಸಲು ಅನಾಬಿನ್ ಎಂಬ ಸರ್ಕಾರಿ ದತ್ತಾಂಶ ಕೋಶವಿದೆ. ಪದವಿ ಪತ್ರದಲ್ಲಿರುವ ಹೆಸರಿಗೂ ಕೋಶದಲ್ಲಿರುವ ಹೆಸರಿಗೂ ತಾಳೆಯಾಗದಿದ್ದರೆ ಇಲ್ಲಿನ ಅಧಿಕಾರಿ ಕಡತವನ್ನು ಪಕ್ಕಕ್ಕಿಡುತ್ತಾನೆ. ಅವನಿಗೆ ನಮ್ಮ ಸಚಿವ ಸಂಪುಟದ ಉಪಸಮಿತಿಯ ಕಥೆ ಗೊತ್ತಿರುವುದಿಲ್ಲ.

ಆದ್ದರಿಂದ ನೀವೆಲ್ಲರೂ ಬೇರೆ ಬೇರೆ ಜಾಲ ಕಟ್ಟುವುದಕ್ಕಿಂತ ಒಂದೇ ಕಟ್ಟಿ ಎಂಬುದು ನನ್ನ ವಿನಂತಿ. ರಾಜ್ಯಕ್ಕೊಂದು ನೋಂದಣಿ ಪುಸ್ತಕ, ಅದರಲ್ಲಿ ಕಾಲೇಜು, ವಿಭಾಗ, ವರ್ಷ. ಪದವಿ ಕೊಟ್ಟ ವಿಶ್ವವಿದ್ಯಾಲಯ ಯಾವುದು, ಈಗ ಆ ಕಾಲೇಜು ಯಾರದ್ದು ಎಂಬುದು ಒಳಗಿನ ಲೆಕ್ಕ. ಜನ ನೆನಪಿಟ್ಟುಕೊಳ್ಳುವುದು ವಿಭಾಗವನ್ನು, ಹಾಸ್ಟೆಲನ್ನು, ಮೇಷ್ಟ್ರನ್ನು. ವಿಶ್ವವಿದ್ಯಾಲಯದ ಆಡಳಿತ ನಡೆಸುವ ಸಿಂಡಿಕೇಟನ್ನು ಪ್ರೀತಿಯಿಂದ ನೆನೆದ ಹಳೆಯ ವಿದ್ಯಾರ್ಥಿಯನ್ನು ನಾನಂತೂ ಇದುವರೆಗೆ ಕಂಡಿಲ್ಲ.

ಎರಡು ವರ್ಷದ ಹಿಂದೆ ಸಣ್ಣ ಶಸ್ತ್ರಚಿಕಿತ್ಸೆಗೆ ಇಲ್ಲಿನ ಆಸ್ಪತ್ರೆಯಲ್ಲಿ ಮೂರು ದಿನ ಮಲಗಿದ್ದೆ. ರಾತ್ರಿ ಪಾಳಿಯ ನರ್ಸ್ ನನ್ನ ಹೆಸರು ಓದಿ ಕನ್ನಡದಲ್ಲಿ ಕೇಳಿದಳು: “ನೋವು ಜಾಸ್ತಿ ಉಂಟಾ?” ಊರು ಕೇರಳದ ಪಾಲಾ ಹತ್ತಿರ, ನರ್ಸಿಂಗ್ ಓದಿದ್ದು ಮಂಗಳೂರಿನಲ್ಲಿ, ನಾಲ್ಕು ವರ್ಷ. ಅವಳಿಗೆ ತನ್ನ ಕಾಲೇಜಿನ ಮೇಲೆ ಪ್ರೀತಿ ಇತ್ತು, ಸಿಟ್ಟೂ ಇತ್ತು, ಮನೆಯವರ ಮೇಲೆ ಇರುವ ಹಾಗೆ. ಕರ್ನಾಟಕದ ನರ್ಸಿಂಗ್ ಕಾಲೇಜುಗಳಿಂದ ಹೊರಟ ಇಂಥ ಮಲಯಾಳಿ, ಕೊಂಕಣಿ, ಕನ್ನಡದ ಹುಡುಗಿಯರು ಬ್ರಿಟನ್, ಐರ್ಲೆಂಡ್, ಕೊಲ್ಲಿ ದೇಶಗಳ ಆಸ್ಪತ್ರೆಗಳ ತುಂಬ ಇದ್ದಾರೆ. ನಮ್ಮ ವಿಶ್ವವಿದ್ಯಾಲಯಗಳ ಸಾಗರೋತ್ತರ ಹಳೆಯ ವಿದ್ಯಾರ್ಥಿಗಳ ಒಂದು ದೊಡ್ಡ ಪಡೆ ಇವರೇ. ‘ಅಲುಮ್ನಿ ಮೀಟ್’ ಎಂದಾಗ ನಿಮ್ಮ ಕಣ್ಣ ಮುಂದೆ ಬರುವುದು ಕ್ಯಾಲಿಫೋರ್ನಿಯಾದ ಕೋಟು. ರಾತ್ರಿ ಪಾಳಿಯ ಈ ಸಮವಸ್ತ್ರ ಬರುವುದಿಲ್ಲ.

ಇನ್ನೊಂದು ಬಗೆಯವರಿದ್ದಾರೆ. ಹೊರದೇಶದಿಂದ ನಮ್ಮಲ್ಲಿಗೆ ಬಂದು ಓದಿ ಹೊರದೇಶಕ್ಕೇ ಮರಳಿದವರು. ಇವರನ್ನು ಸಾಗರೋತ್ತರ ಹಳೆಯ ವಿದ್ಯಾರ್ಥಿಗಳು ಎಂದು ನಾವು ಎಣಿಸುವುದೇ ಇಲ್ಲ, ಆ ಮಾತು ಅಕ್ಷರಶಃ ಒಪ್ಪುವುದು ಅವರಿಗೇ ಆದರೂ. ಮೈಸೂರು, ಬೆಂಗಳೂರುಗಳಲ್ಲಿ ಇರಾನ್, ಯೆಮನ್, ಇರಾಕ್, ಆಫ್ಘಾನಿಸ್ತಾನ, ಆಫ್ರಿಕಾದ ಹಲವು ದೇಶಗಳ ವಿದ್ಯಾರ್ಥಿಗಳು ದಶಕಗಳಿಂದ ಓದುತ್ತಿದ್ದಾರೆ. ಕೆಲವರು ಭಾರತ ಸರ್ಕಾರದ ಐಸಿಸಿಆರ್ ವಿದ್ಯಾರ್ಥಿವೇತನದಲ್ಲಿ, ಕೆಲವರು ಮನೆ ಮಾರಿದ ಹಣದಲ್ಲಿ.

ನಾನು ಎಂ.ಎಸ್ಸಿ. ಓದಿದ ಪ್ರಯೋಗಾಲಯದಲ್ಲಿ ಯೆಮನ್‌ನ ಒಬ್ಬಳು ಸಂಶೋಧಕಿಯಿದ್ದಳು. ನನಗಿಂತ ಆರು ವರ್ಷ ದೊಡ್ಡವಳು, ಏಡನ್‌ನಲ್ಲಿ ಇಬ್ಬರು ಮಕ್ಕಳನ್ನು ಅಮ್ಮನ ಬಳಿ ಬಿಟ್ಟು ಬಂದಿದ್ದಳು. ಕನ್ನಡ ಕಲಿತದ್ದು ಸಂತೆಯಲ್ಲಿ. ತರಕಾರಿಯ ಹೆಸರೆಲ್ಲ ಬರುತ್ತಿತ್ತು, ಕ್ರಿಯಾಪದ ಒಂದೂ ಬರುತ್ತಿರಲಿಲ್ಲ. “ಬದನೆಕಾಯಿ ಹತ್ತು ರೂಪಾಯಿ ಬೇಡ ಎಂಟು” ಎಂದು ಒಂದೇ ಉಸಿರಿನಲ್ಲಿ ಹೇಳುತ್ತಿದ್ದಳು. ಈಗ ಏಡನ್‌ನಲ್ಲಿ ರಸಾಯನಶಾಸ್ತ್ರ ಕಲಿಸುತ್ತಾಳೆ. ಯುದ್ಧ ಶುರುವಾದ ಮೇಲೆ ಅವಳ ಊರಿನಲ್ಲಿ ಕರೆಂಟು ಇದ್ದರೆ ಹಬ್ಬ. ಕಳೆದ ವರ್ಷ ನನಗೆ ಸಂದೇಶ ಕಳಿಸಿದ್ದಳು: ಅವಳ ಒಬ್ಬ ವಿದ್ಯಾರ್ಥಿಯ ಮಾದರಿಗಳಿಗೆ ಅಣುವಿನ ರಚನೆ ತೋರಿಸುವ ಎನ್‌ಎಂಆರ್ ತೆಗೆಯಬೇಕು, ನಮ್ಮ ಹಳೆಯ ವಿಭಾಗದಲ್ಲಿ ಆಗುತ್ತದೆಯೇ, ಯಾರನ್ನು ಕೇಳಲಿ? ಅವಳ ಗೈಡ್ ನಿವೃತ್ತರಾಗಿದ್ದಾರೆ. ನನಗೂ ಅಲ್ಲಿ ಯಾರೂ ಗೊತ್ತಿಲ್ಲ. ಕೇಳಲು ಒಂದು ಹೆಸರು ಇರಲಿಲ್ಲ, ಅಷ್ಟೇ. ಐದು ವರ್ಷ ನಮ್ಮಲ್ಲಿ ಬೆವರು ಹರಿಸಿದವಳು ಹೊಸ ಪರಿಚಯದಂತೆ ವೆಬ್‌ಸೈಟಿನ ಸಾಮಾನ್ಯ ಈಮೇಲಿಗೆ ಬರೆದಳು. ಉತ್ತರ ಬರಲಿಲ್ಲ.

ಈ ದೇಶದವರು ಈ ಕೆಲಸವನ್ನು ಹೇಗೆ ಮಾಡುತ್ತಾರೆ ನೋಡಿ. ಹುಂಬೋಲ್ಟ್ ಪ್ರತಿಷ್ಠಾನದ ಫೆಲೋಶಿಪ್ಪಿನಲ್ಲಿ ಒಮ್ಮೆ ಬಂದುಹೋದ ವಿಜ್ಞಾನಿ ಜೀವನಪರ್ಯಂತ ಅವರ ಬಳಗದವನು. ತನ್ನ ದೇಶಕ್ಕೆ ಮರಳಿದ ಮೇಲೂ ಉಪಕರಣಕ್ಕೆ, ಪುಸ್ತಕಕ್ಕೆ, ಮತ್ತೊಮ್ಮೆ ಬಂದುಹೋಗಲಿಕ್ಕೆ ಅರ್ಜಿ ಹಾಕಬಹುದು. ವಿದ್ಯಾರ್ಥಿವೇತನ ಕೊಡುವ ಡಿಎಎಡಿ ಸಂಸ್ಥೆ ಕೂಡ ಮರಳಿ ಹೋದವರ ನಂಟು ಬಿಡುವುದಿಲ್ಲ. ಇದರಲ್ಲಿ ಬರೀ ಔದಾರ್ಯ ಹುಡುಕಬೇಡಿ, ಜರ್ಮನಿಯ ಉಪಕರಣ ಕೊಳ್ಳುವವರು, ಜರ್ಮನಿಗೆ ವಿದ್ಯಾರ್ಥಿಗಳನ್ನು ಕಳಿಸುವವರು ಆಮೇಲೆ ಇವರೇ. ನಮ್ಮಲ್ಲಿ ಓದಿದ ಇರಾನಿ, ಇಥಿಯೋಪಿಯನ್ ಪ್ರಾಧ್ಯಾಪಕರು ತಮ್ಮ ವಿದ್ಯಾರ್ಥಿಗಳಿಗೆ ಎಲ್ಲಿಗೆ ಹೋಗಲು ಹೇಳುತ್ತಾರೆ ಎಂಬುದನ್ನು ಒಮ್ಮೆ ವಿಚಾರಿಸಿ. 2021ರ ಆಗಸ್ಟಿನಲ್ಲಿ ಕಾಬೂಲ್ ತಾಲಿಬಾನ್ ಕೈಗೆ ಹೋದಾಗ ಮೈಸೂರಿನಲ್ಲಿದ್ದ ಆಫ್ಘನ್ ವಿದ್ಯಾರ್ಥಿಗಳ ಆತಂಕ ಪತ್ರಿಕೆಗಳಲ್ಲಿ ಬಂತು. ಅದಕ್ಕೂ ಮೊದಲು ಓದು ಮುಗಿಸಿ ಮರಳಿದ್ದವರು ಏನಾದರು, ಯಾರು ಬದುಕಿದ್ದಾರೆ, ಯಾವ ಹುಡುಗಿ ಮತ್ತೆ ಮನೆಯೊಳಗೆ ಸೇರಿದಳು ಎಂದು ಕೇಳಲು ಯಾರ ಬಳಿಯಾದರೂ ಪಟ್ಟಿ ಇದ್ದಿದ್ದರೆ!

ಹಣದ ಮಾತನ್ನು ಬೇಗ ಮುಗಿಸುತ್ತೇನೆ, ನಿಮಗೆ ಅದರಲ್ಲೇ ಆಸಕ್ತಿ ಎಂದು ಗೊತ್ತಿದ್ದರೂ. ನಂದನ್ ನಿಲೇಕಣಿ 2023ರಲ್ಲಿ ಐಐಟಿ ಬಾಂಬೆಗೆ 315 ಕೋಟಿ ರೂಪಾಯಿ ಕೊಟ್ಟರು, ಅಲ್ಲಿಗೆ ಸೇರಿ 50 ವರ್ಷವಾದ ನೆನಪಿಗೆ. ಧಾರವಾಡದಲ್ಲೂ ಓದಿದವರು ಅವರು. ಆ ಸುದ್ದಿ ಬಂದ ವಾರ ಎಷ್ಟು ಕುಲಪತಿಗಳು ‘ನಮಗೂ ಒಬ್ಬ ನಿಲೇಕಣಿ ಸಿಕ್ಕಿದ್ದರೆ’ ಎಂದರೋ. ಐಐಟಿ ಬಾಂಬೆಯ ಹಳೆಯ ವಿದ್ಯಾರ್ಥಿಗಳು ಅಮೆರಿಕದಲ್ಲಿ ತಮ್ಮ ಪ್ರತಿಷ್ಠಾನ ನೋಂದಾಯಿಸಿದ್ದು 1990ರ ದಶಕದಲ್ಲಿ. ಪತ್ರ, ಫೋನು, ಬ್ಯಾಚಿನ ಪಟ್ಟಿ, ಸತ್ತವರ ಹೆಸರು ಹೊಡೆದುಹಾಕುವುದು, ಈ ಬೇಸರದ ಕೆಲಸ ವರ್ಷಗಟ್ಟಲೆ ನಡೆದಿದೆ. ನಿಮ್ಮ ಫಾರ್ಮ್‌ಗೆ ಹದಿನೈದು ದಿನ.

ಕೇಳುವುದೇ ಆದರೆ ಕಾನೂನು ತಿಳಿದು ಕೇಳಿ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡ ಅನಿವಾಸಿ ತನ್ನ ಉಳಿತಾಯದಿಂದ ಬ್ಯಾಂಕಿನ ಮೂಲಕ ಕೊಟ್ಟ ಹಣ ವಿದೇಶಿ ದೇಣಿಗೆಯಲ್ಲ. ಪಾಸ್‌ಪೋರ್ಟ್ ಬದಲಾಯಿಸಿದವನದು, ಅವನ ಕಿಸೆಯಲ್ಲಿ ಭಾರತೀಯ ಮೂಲದವರಿಗೆ ಕೊಡುವ ಒಸಿಐ ಕಾರ್ಡಿದ್ದರೂ, ವಿದೇಶಿ ದೇಣಿಗೆ, ಎಫ್‌ಸಿಆರ್‌ಎ ಎಂಬ ವಿದೇಶಿ ದೇಣಿಗೆ ಕಾಯ್ದೆಯ ಅನ್ವಯ. ಕಾಯ್ದೆಯಿಂದ ವಿನಾಯಿತಿ ಇಲ್ಲದಿದ್ದರೆ, 2020ರ ತಿದ್ದುಪಡಿಯಾದ ಮೇಲೆ ಅಂಥ ಹಣ ಮೊದಲು ಬಂದು ಇಳಿಯಬೇಕಾದದ್ದು ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಯಲ್ಲಿ. ಒಂದೇ ಬ್ಯಾಚಿನ ಇಬ್ಬರು ಗೆಳೆಯರು ಒಂದೇ ಮೇಜಿನ ಮೇಲೆ ಚೆಕ್ ಬರೆದರೂ ಹಾದಿ ಬೇರೆ ಬೇರೆ. ಜರ್ಮನಿ 2024ರ ಜೂನ್‌ನಿಂದ ಎರಡು ಪೌರತ್ವ ಒಪ್ಪುತ್ತದೆ, ಭಾರತ ಒಪ್ಪುವುದಿಲ್ಲ, ಹಾಗಾಗಿ ಇಲ್ಲಿನ ಕನ್ನಡಿಗರ ಮನೆಗಳಲ್ಲಿ ಈ ಚರ್ಚೆ ಊಟದ ಜೊತೆ ನಡೆಯುತ್ತದೆ. ನಿಮ್ಮ ಫಾರ್ಮ್‌ನಲ್ಲಿ ಆ ಪ್ರಶ್ನೆಯೇ ಇಲ್ಲ.

ಹಣಕ್ಕಿಂತ ನಮ್ಮ ಬಳಿ ಧಾರಾಳವಾಗಿರುವುದು ಒಂದಿದೆ, ಎಡವಿ ಕಲಿತದ್ದು. ಜರ್ಮನಿಯನ್ನೇ ಹೇಳುತ್ತೇನೆ. ಇಲ್ಲಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬಹುತೇಕ ಕಡೆ ಬೋಧನಾ ಶುಲ್ಕವಿಲ್ಲ. ನಾನಿರುವ ಬಾಡೆನ್-ವುರ್ಟೆಂಬೆರ್ಗ್ ರಾಜ್ಯ ಮಾತ್ರ 2017ರಿಂದ ಐರೋಪ್ಯ ಒಕ್ಕೂಟದ ಹೊರಗಿನವರಿಂದ ಸೆಮಿಸ್ಟರಿಗೆ 1,500 ಯೂರೋ ತೆಗೆದುಕೊಳ್ಳುತ್ತಿದೆ. ನದಿ ದಾಟಿ ಆಚೆ ದಡದ ಲುಡ್ವಿಗ್ಸ್‌ಹಾಫೆನ್‌ಗೆ ಹೋದರೆ ಬೇರೆ ರಾಜ್ಯ, ಬೇರೆ ನಿಯಮ. ವೀಸಾಕ್ಕೆ ಮೊದಲು ಒಂದು ವರ್ಷದ ಖರ್ಚನ್ನು ಬ್ಲಾಕ್ಡ್ ಅಕೌಂಟಿನಲ್ಲಿ ತೋರಿಸಬೇಕು. 2024ರ ಸೆಪ್ಟೆಂಬರಿನಲ್ಲಿ ಅದು 11,904 ಯೂರೋಗೆ ಏರಿತು, ಹತ್ತು ಲಕ್ಷ ರೂಪಾಯಿಗಿಂತ ಹೆಚ್ಚು. ಆ ಹಣ ಫೀಸಲ್ಲ, ನಿಮ್ಮದೇ, ಬಂದ ಮೇಲೆ ತಿಂಗಳು ತಿಂಗಳು ವಾಪಸ್ ಕೊಡುತ್ತಾರೆ ಎಂಬ ಒಂದು ವಾಕ್ಯವನ್ನು ರಾಯಚೂರಿನ ಯಾವುದೋ ಹುಡುಗನ ತಂದೆಗೆ ಯಾರೂ ಹೇಳಿರುವುದಿಲ್ಲ. ಅಲ್ಲಿನ ಕನ್ಸಲ್ಟೆನ್ಸಿಯವನು ಹೇಳುವುದು ಅವನಿಗೆ ಕಮಿಷನ್ ಕೊಡುವ ಖಾಸಗಿ ಕಾಲೇಜಿನ ಹೆಸರನ್ನು. ಅದೇ ವಿಭಾಗದಲ್ಲಿ ಓದಿ ಇಲ್ಲಿರುವವರು ಅರ್ಧ ಗಂಟೆ ಫೋನಿನಲ್ಲಿ ಮಾತಾಡಿದರೆ ಒಂದು ಮನೆ ಅಡಮಾನವಾಗುವುದು ತಪ್ಪುತ್ತದೆ. ಇದನ್ನು ನಾನು ಮೂರು ಬಾರಿ ಮಾಡಿದ್ದೇನೆ, ಮೂರೂ ಬಾರಿ ಆ ಮಕ್ಕಳು ನನ್ನನ್ನು ಹುಡುಕಿಕೊಂಡದ್ದು ಲಿಂಕ್ಡ್‌ಇನ್‌ನಲ್ಲಿ. ವಿಶ್ವವಿದ್ಯಾಲಯದ ಮೂಲಕ ಒಂದು ಸಲವೂ ಇಲ್ಲ.

ಮೊದಲೆಲ್ಲ ಊರಿನ ಸಂಶೋಧಕರು ‘ಮೇಡಂ, ಈ ಪೇಪರಿನ ಪಿಡಿಎಫ್ ಕಳಿಸಿ’ ಎಂದು ಬರೆಯುತ್ತಿದ್ದರು. 2025ರಿಂದ ಕೇಂದ್ರದ ‘ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್’ ಬಂದು ಸರ್ಕಾರಿ ವಿಶ್ವವಿದ್ಯಾಲಯಗಳಿಗೆ ಸುಮಾರು 13,000 ಪತ್ರಿಕೆಗಳು ತೆರೆದಿವೆ. ಒಳ್ಳೆಯದಾಯಿತು. ಈಗ ಬೇಕಾದದ್ದು ಪೇಪರ್ ಓದಿ ಜಗಳವಾಡುವವರು. ಪ್ರಬಂಧದ ಕರಡು ನೋಡಿ ‘ಮೂರನೇ ಅಧ್ಯಾಯದ ಪ್ರಯೋಗ ಮತ್ತೊಮ್ಮೆ ಮಾಡು’ ಎನ್ನುವವರು. ಇದಕ್ಕೆ ವಿಮಾನದ ಟಿಕೆಟ್ ಬೇಡ, ಶಾಲು ಬೇಡ, ಮೈಸೂರು ಪೇಟ ಬೇಡ. ಪೇಟದ ಮಾತು ಬಂತೆಂದು ಹೇಳುತ್ತೇನೆ: ನನ್ನ ಪರಿಚಯದ ಒಬ್ಬರು ಶಿಕಾಗೋದಿಂದ ರಜೆಗೆ ಹೋದಾಗ ತಮ್ಮ ವಿಭಾಗಕ್ಕೆ ಒಂದು ತರಗತಿ ತೆಗೆದುಕೊಳ್ಳುತ್ತೇನೆ ಎಂದು ಬರೆದರು. ಸನ್ಮಾನ ನಡೆಯಿತು, ಪೇಟ ತೊಡಿಸಿದರು, ಐದು ಮಂದಿ ಸ್ವಾಗತ ಕೋರಿದರು. ತರಗತಿಗೆ ಸಮಯ ಉಳಿಯಲಿಲ್ಲ.

ಮೈಸೂರು ವಿಶ್ವವಿದ್ಯಾಲಯ 1916ರಲ್ಲಿ ಹುಟ್ಟಿತು, ಬ್ರಿಟಿಷರ ನೇರ ಆಡಳಿತದ ಹೊರಗೆ ದೇಶದಲ್ಲೇ ಮೊದಲನೆಯದು. ನಲವತ್ತು ವರ್ಷದ ಮೇಲೆ ಅದರ ಕುಲಪತಿಯಾದ ಕುವೆಂಪು ಅಲ್ಲೇ ಓದಿದವರು, ಅಲ್ಲಿನ ಪದವೀಧರರಲ್ಲಿ ಆ ಕುರ್ಚಿಗೆ ಬಂದ ಮೊದಲಿಗರು. ಮಾನಸಗಂಗೋತ್ರಿ ಎಂದು ಹೆಸರಿಟ್ಟವರೂ ಅವರೇ. ಹಳೆಯ ವಿದ್ಯಾರ್ಥಿ ಎಂದರೆ ಕೊಡುವ ಕೈ ಮಾತ್ರವಲ್ಲ, ಹೆಸರಿಡುವ ಹಕ್ಕಿರುವವನು ಎಂದು ನನಗೆ ಅನ್ನಿಸಿದ್ದು ಅವರಿಂದ. ಅದೇ ಮಹಾರಾಜಾ ಕಾಲೇಜಿನ ಎ.ಕೆ. ರಾಮಾನುಜನ್ ಶಿಕಾಗೋದಲ್ಲಿ ಕುಳಿತು ವಚನಗಳನ್ನು ಇಂಗ್ಲಿಷಿಗೆ ತಂದರು. ಯಾವ ಫಾರ್ಮನ್ನೂ ತುಂಬದೆ ಆ ಕೆಲಸ ನಡೆಯಿತು ಎಂದು ನೀವು ಹೇಳಬಹುದು. ಹೌದು, ನಡೆಯಿತು. ರಾಮಾನುಜನ್‌ರಂಥವರಿಗೆ ಜಾಲ ಬೇಕಿಲ್ಲ. ಬೇಕಿರುವುದು ನನ್ನಂಥ ಸಾಧಾರಣರಿಗೆ, ನಮ್ಮನ್ನು ಹುಡುಕುತ್ತಿರುವ ಸಾಧಾರಣರಿಗೆ.

ನನ್ನ ಕಡೆಯಿಂದ ಕೊಡಬಲ್ಲದ್ದನ್ನು ಬರೆದಿಡುತ್ತೇನೆ. ಶನಿವಾರ ಇಲ್ಲಿನ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ನಾನು ಮನೆಯಲ್ಲಿರುತ್ತೇನೆ. ಬೇಸಿಗೆಯಲ್ಲಿ ನಿಮಗದು ಸಂಜೆ ಐದೂವರೆ, ಚಳಿಗಾಲದಲ್ಲಿ ಆರೂವರೆ. ರಸಾಯನಶಾಸ್ತ್ರದ ಯಾವ ವಿದ್ಯಾರ್ಥಿಯಾದರೂ, ಯಾವ ಜಿಲ್ಲೆಯ ಯಾವ ಕಾಲೇಜಿನವರಾದರೂ, ಕನ್ನಡದಲ್ಲೇ ಮಾತಾಡಬಹುದು. ಫ್ರಾಂಕ್‌ಫರ್ಟ್ ವಿಮಾನ ನಿಲ್ದಾಣದಿಂದ ಮ್ಯಾನ್‌ಹೈಮ್‌ಗೆ ರೈಲಿನಲ್ಲಿ ಅರ್ಧ ಗಂಟೆಯ ಹಾದಿ. ಮೊದಲ ಸಲ ಬಂದಿಳಿಯುವವರಿಗೆ ಒಂದು ರಾತ್ರಿ ನಮ್ಮ ಮನೆಯ ಸೋಫಾ ಇದೆ, ಅನ್ನ ಸಾರು ಇದೆ. ಏಡನ್‌ನ ನನ್ನ ಗೆಳತಿಯ ಎನ್‌ಎಂಆರ್ ಮಾದರಿಗಳಿಗೆ ನಿಮ್ಮಲ್ಲಿ ಯಾರಾದರೂ ಒಂದು ಹೆಸರು ಕೊಟ್ಟರೆ ಅವಳಿಗೆ ತಿಳಿಸುತ್ತೇನೆ. ಅವಳು ಇನ್ನೂ ಕಾಯುತ್ತಿದ್ದಾಳೆ.

ನನ್ನ ವಿಳಾಸ ಇಲ್ಲಿ ಬರೆಯುವುದಿಲ್ಲ. 2008ರ ಕಡತ ತೆಗೆಸಿ ನೋಡಿ. ಮನೆ ಬದಲಾಗಿದೆ, ಈಮೇಲ್ ಅದೇ ಇದೆ. ಈ ಪತ್ರಕ್ಕೆ ಇನ್‌ವರ್ಡ್ ನಂಬರ್ ಬಿದ್ದರೆ ಅದನ್ನೂ ಅದೇ ಈಮೇಲಿಗೆ ತಿಳಿಸಿ.

ಇಂತಿ,
‘ಇತರೆ’ ದೇಶದ ಒಬ್ಬಳು ಹಳೆಯ ವಿದ್ಯಾರ್ಥಿನಿ
ಮ್ಯಾನ್‌ಹೈಮ್